ಗಟಾರದ ರಾಡಿ ಹೊಲಕ್ಕೆ ಬಂದಾಗ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಪಟ್ಟಣಗಳ ಮಗ್ಗುಲಲ್ಲಿ ಹಳ್ಳದ ದಂಡೆಗೆ ಹೊಲವುಳ್ಳ ರೈತರು ದೊಡ್ಡ ಮಳೆಯ ಮರುದಿನ ಬದುವಿನೊಳಗೆ ಕಪ್ಪು ರಾಡಿ ನಿಂತಿದ್ದರೆ ಪುಕ್ಕಟೆ ಗೊಬ್ಬರವೆಂದು ಭಾವಿಸುವುದುಂಟು. ಭಾವನೆ ಪೂರ್ತಿ ಸುಳ್ಳಲ್ಲ. ಅದರಲ್ಲಿ ಸಾರಜನಕ, ರಂಜಕ ಇದ್ದೇ ಇರುತ್ತವೆ. ಆದರೆ ಜೊತೆಗೆ ಬರುವುದೇನೆಂಬುದನ್ನೂ ತಿಳಿಯಬೇಕು.

ಈ ಭಾಗದ ವಾರ್ಷಿಕ ಮಳೆ ಸುಮಾರು 600 ಮಿ.ಮೀ. ಮಾತ್ರ. ಒಣ ತಿಂಗಳುಗಳಲ್ಲಿ ಗಟಾರದ ನೀರು ಮೆಲ್ಲಗೆ ಹರಿಯುವುದರಿಂದ ಮಲ, ಉಸುಕು, ಬೂದಿ, ಗ್ಯಾರೇಜಿನ ಎಣ್ಣೆ ತಳಕ್ಕೆ ಕೂರುತ್ತವೆ. ಅಡ್ಡಮಳೆ ರಭಸದಿಂದ ಬಿದ್ದಾಗ ಈ ಹೂಳು ಒಮ್ಮೆಲೇ ಏಳುತ್ತದೆ. ಆದುದರಿಂದ ಮೊದಲ ನೀರೇ ಹೆಚ್ಚು ಹೊಲಸು. ಗಟಾರ ಕಟ್ಟಿದ್ದರೆ ರಸ್ತೆಗೆ ಉಕ್ಕಿ, ಹಳ್ಳ ಸೇರಿ, ಹಳ್ಳ ದಂಡೆ ಮೀರಿದಲ್ಲಿ ಹೊಲಕ್ಕೆ ಹರಡುತ್ತದೆ.

ನೀರು ನಿಂತೊಡನೆ ಜರಡಿ ಹಿಡಿದಂತೆ ಕಣಗಳು ಬೇರ್ಪಡುತ್ತವೆ. ಒಂದು ಅಡಿ ಆಳದ ನಿಂತ ನೀರಿನಲ್ಲಿ 0.1 ಮಿ.ಮೀ. ಗಾತ್ರದ ಉಸುಕು ಸುಮಾರು ಅರ್ಧ ನಿಮಿಷದಲ್ಲಿ, 0.01 ಮಿ.ಮೀ. ರೇವೆ ಒಂದು ತಾಸಿನಲ್ಲಿ ತಳ ಸೇರುತ್ತದೆ, 0.002 ಮಿ.ಮೀ. ಜೇಡಿಯ ಕಣಕ್ಕೆ ಒಂದು ದಿನವೇ ಬೇಕು. ಅಂತೆಯೇ ಉಸುಕು, ಗಾಜಿನ ಚೂರು ಹಳ್ಳದ ಹತ್ತಿರ ಉಳಿದು, ನುಣುಪು ರಾಡಿ ದೂರದ ತಗ್ಗಿಗೆ ಹೋಗುತ್ತದೆ. ಸೀಸ, ಸತುವಿನಂಥ ಲೋಹಗಳೂ ರೋಗಾಣುಗಳೂ ಹೆಚ್ಚಾಗಿ ಅಂಟಿರುವುದು ಈ ನುಣುಪು ಕಣಗಳಿಗೇ. ಕಸ ಬಿದ್ದ ದಂಡೆಗಿಂತ, ನೋಡಲು ಚೊಕ್ಕಟವಾದ ತಗ್ಗನ್ನೇ ಹೆಚ್ಚು ಸಂಶಯಿಸಬೇಕು.

ಎರೆಭೂಮಿಯಲ್ಲಿ ಇನ್ನೊಂದು ತೊಡಕು. ಬೇಸಿಗೆಯ ಬಿರುಕುಗಳು ಮುಚ್ಚುವ ಮೊದಲೇ ಈ ನೀರು ಬಂದರೆ ರಾಡಿ ಆಳಕ್ಕೆ ಇಳಿಯುತ್ತದೆ. ಮೇಲಷ್ಟೇ ಕೆರೆದು ತೆಗೆದರೆ ಸಾಲದು. ಸುಣ್ಣದಂಶವುಳ್ಳ ಎರೆಮಣ್ಣು ಲೋಹಗಳನ್ನು ಹಿಡಿದಿಡುವುದರಿಂದ ಅವು ಬೆಳೆಗೆ ಸುಲಭವಾಗಿ ಸಿಗವು, ಆದರೆ ಮಣ್ಣು ಬಿಟ್ಟೂ ಹೋಗವು. ಜಂತುಹುಳುವಿನ ತತ್ತಿಗಳಂತೂ ತೇವದ ಮಣ್ಣಿನಲ್ಲಿ ವರ್ಷ ಮೀರಿ ಬದುಕಬಲ್ಲವು.

ಹುಬ್ಬಳ್ಳಿಯ ನಾಲಾ ನೀರಿನಿಂದ ಬೇಸಾಯ ಮಾಡಿದ ಸುತ್ತಲಿನ ಹಳ್ಳಿಗಳಲ್ಲಿ 2000ರ ಆಸುಪಾಸಿನಲ್ಲಿ ಅಧ್ಯಯನ ನಡೆದಿತ್ತು. ಗೊಬ್ಬರದ ಖರ್ಚು ಉಳಿದರೂ ಕಳೆ, ಕೀಟಗಳು ಹೆಚ್ಚಿದ್ದವು. ಆಸ್ಪತ್ರೆಯ ಸೂಜಿಗಳೂ ಹೊಲಕ್ಕೆ ಬರುತ್ತಿದ್ದವು. ರಾಡಿಯಲ್ಲಿ ಬರಿಗಾಲಲ್ಲಿ ಇಳಿಯಬಾರದು, ಆಳುಗಳನ್ನೂ ಇಳಿಸಬಾರದು.

ಅಂಥ ಹೊಲದಲ್ಲಿ ಕೊತ್ತಂಬರಿ, ಮೆಂತ್ಯೆ ಮುಂತಾದ ಹಸಿಯಾಗಿ ತಿನ್ನುವ ಸೊಪ್ಪನ್ನು ಒಂದು ವರ್ಷಕ್ಕೂ ಮೇಲ್ಪಟ್ಟು, ಗಜ್ಜರಿ, ಮೂಲಂಗಿಯನ್ನು ಎರಡು ವರ್ಷ ಬೆಳೆಯದಿರುವುದು ಲೇಸು. ಹತ್ತಿ ಹಾಕಬಹುದು. ಕುಡಿಯುವ ಬಾವಿಗೆ ರಾಡಿ ಹೊಕ್ಕಿದ್ದರೆ ಕಲಕು ನೀರನ್ನು ಎತ್ತಿ ಹೊರಹಾಕಬೇಕು. ಹೊಸ ನೀರು ತಿಳಿಯಾದ ಮೇಲೆ 1000 ಲೀಟರಿಗೆ ಕನಿಷ್ಠ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಬೆರೆಸಿ ಒಂದು ತಾಸು ಬಿಡಬೇಕು. ಕೆಲವು ದಿನ ಕುದಿಸಿಯೇ ಕುಡಿಯಬೇಕು.