ಟ್ರ್ಯಾಕಿಗೂ ಮೊದಲು ಒಂದು ಡೆಮೊ

ರೋಣ, ನರಗುಂದ, ಗಜೇಂದ್ರಗಡದ ಕಡೆ ಹೊಸ ಪದವೊಂದು ಹುಟ್ಟಿತೆಂದರೆ ಅದು ಮೊದಲು ಸೇರುವುದು ಯಾರದೋ ಮೊಬೈಲನ್ನು. ಪದ ಕಟ್ಟಿದವರು ಒಬ್ಬರು, ಹಾಡುವವರು ಇನ್ನೊಬ್ಬರು, ದಪ್ಪು ಬಾರಿಸುವವರು ಪಕ್ಕದ ಓಣಿಯವರು. ಸಂಜೆ ಗುಡಿಯ ಕಟ್ಟೆಗೋ ಮನೆಯ ಪಡಸಾಲೆಗೋ ಸೇರಿ ಒಂದು ಸಲ ಹಾಡುತ್ತಾರೆ, ರೆಕಾರ್ಡ್ ಮಾಡುತ್ತಾರೆ, ಗದಗಿನದೋ ಹುಬ್ಬಳ್ಳಿಯದೋ ಸ್ಟುಡಿಯೊಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ. ಇದೇ ಡೆಮೊ. ಕೀಬೋರ್ಡಿನವರು ಅದನ್ನು ಕೇಳಿ ಟ್ರ್ಯಾಕ್ ಕಟ್ಟುತ್ತಾರೆ. ಟ್ರ್ಯಾಕ್ ತಯಾರಾದ ಮೇಲೆ ಹಾಡುಗಾರರು ಬಸ್ ಹತ್ತಿ ಹೋಗಿ, ಕಿವಿಗೆ ಹೆಡ್‌ಫೋನ್ ಏರಿಸಿ, ಅದರ ಮೇಲೆ ಹಾಡಿ ಬರುತ್ತಾರೆ. ಯೂಟ್ಯೂಬಿನಲ್ಲಿ ಉತ್ತರ ಕರ್ನಾಟಕದ ಜಾನಪದ ಎಂದು ಓಡುವ ಎಷ್ಟೋ ಹಾಡುಗಳ ಜಾತಕ ಇಷ್ಟೇ.

ಈ ಕ್ರಮದಲ್ಲಿ ಹಾಡುಗಾರರು ಗಮನಿಸದ ಒಂದು ಸಂಗತಿಯಿದೆ. ಟ್ರ್ಯಾಕ್ ಕಟ್ಟುವ ಹೊತ್ತಿನಲ್ಲಿ ಅವರು ಅಲ್ಲಿ ಇರುವುದೇ ಇಲ್ಲ. ಭಜನೆಯ ಮೇಳದಲ್ಲಿ ಹಾರ್ಮೋನಿಯಂ, ತಬಲಾ, ತಾಳ ಎಲ್ಲ ಹಾಡುಗಾರನ ಮುಖ ನೋಡಿಕೊಂಡು ನಡೆಯುತ್ತವೆ. ಆತ ಒಂದು ಮಾತನ್ನು ಎಳೆದರೆ ತಬಲಾ ಕಾಯುತ್ತದೆ. ಟ್ರ್ಯಾಕ್ ಕಾಯುವುದಿಲ್ಲ. ಶ್ರುತಿ ಎಷ್ಟು, ನಡೆ ಯಾವುದು, ನುಡಿ ನುಡಿಯ ನಡುವೆ ಎಷ್ಟು ಬಿಡುವು ಎಂಬುದೆಲ್ಲ ಡೆಮೊ ಕೇಳಿದ ಬೇರೆಯವರ ಕೈಯಲ್ಲಿ ತೀರ್ಮಾನವಾಗಿರುತ್ತದೆ. ಹೀಗಾಗಿ ತನ್ನ ಹಾಡಿನ ಬಗ್ಗೆ ಹಾಡುಗಾರನಿಗೆ ಮಾತಾಡಲು ಸಿಗುವ ಅವಕಾಶ ಡೆಮೊ ಒಂದೇ. ಅದನ್ನು ಗದ್ದಲದಲ್ಲಿ ಮುಗಿಸಿ ಕಳಿಸಿದವರು ಆಮೇಲೆ ‘ಹಾಡು ನಮ್ಮದ ಅನ್ನಸವಲ್ದು’ ಎಂದು ಗೊಣಗಿ ಫಲವಿಲ್ಲ.

ಹೀಗೆ ಡೆಮೊ ಮಾಡಿ, ಕೇಳಿ ನೋಡಿ ತಿದ್ದಿಕೊಳ್ಳುವ ಸೌಲಭ್ಯ ಹಿಂದಿನವರಿಗೆ ಇರಲಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಧ್ವನಿ ಮುದ್ರಿಸಿಕೊಂಡಾಗ ಹಾಡಬೇಕಾದದ್ದು ದೊಡ್ಡದೊಂದು ಕಹಳೆಯ ಬಾಯಿಗೆ; ದನಿ ಕೊರೆದುಕೊಳ್ಳುತ್ತಿದ್ದದ್ದು ಮೇಣದ ತಟ್ಟೆಯಲ್ಲಿ. ಆ ತಟ್ಟೆಯನ್ನು ಒಮ್ಮೆ ನುಡಿಸಿ ಕೇಳಿದರೆ ಅದು ಕೆಟ್ಟಿತೆಂದೇ ಅರ್ಥ. ತಟ್ಟೆಗಳು ಜರ್ಮನಿಗೆ ಹೋಗಿ ಅಚ್ಚಾಗುತ್ತಿದ್ದವು. ಯಾರ ಹಾಡೆಂದು ಅಲ್ಲಿಯವರಿಗೆ ಗೊತ್ತಾಗಲಿ ಎಂದು ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. ಮುಂದೆ ಬಂದ 78 ಸುತ್ತಿನ ತಟ್ಟೆಗಳಲ್ಲೂ ಒಂದು ಮಗ್ಗುಲಿಗೆ ಸಿಗುತ್ತಿದ್ದದ್ದು ಸುಮಾರು ಮೂರು ನಿಮಿಷ. ರಾತ್ರಿಯಿಡೀ ಹಾಡಬಲ್ಲವರು ರಾಗವೊಂದನ್ನು ಮೂರು ನಿಮಿಷಕ್ಕೆ ಇಳಿಸಬೇಕಿತ್ತು. ಅದರ ತಾಲೀಮು ಮನೆಯಲ್ಲೇ ಮುಗಿಯಬೇಕಿತ್ತು. ಅಂಥ ಮೂರು ನಿಮಿಷದ ತಟ್ಟೆಯೊಂದು ಈ ಸೀಮೆಯ ಹುಡುಗನೊಬ್ಬನನ್ನು ಮನೆ ಬಿಡಿಸಿತು. 1922ರಲ್ಲಿ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಠುಮ್ರಿಯ ತಟ್ಟೆ ಕೇಳಿ, ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕಿ ಹೊರಟದ್ದು ಎಲ್ಲರಿಗೂ ಗೊತ್ತಿರುವ ಕಥೆ. ಕೊನೆಗೆ ಅವರಿಗೆ ಗುರು ಸಿಕ್ಕಿದ್ದು ಕುಂದಗೋಳದಲ್ಲಿ, ಅದೇ ಖಾನರ ಶಿಷ್ಯ ಸವಾಯಿ ಗಂಧರ್ವರು.

ಈಗ ಕೈಕೆಲಸಕ್ಕೆ ಬರೋಣ. ಡೆಮೊದಲ್ಲಿ ಮೊದಲು ಇತ್ಯರ್ಥವಾಗಬೇಕಾದದ್ದು ಶ್ರುತಿ. ಗಂಡಸರು ಹಾರ್ಮೋನಿಯಂನ ಕರಿ ಒಂದು, ಬಿಳಿ ಎರಡರ ಸುತ್ತ, ಹೆಂಗಸರು ಕರಿ ನಾಲ್ಕು, ಕರಿ ಐದರ ಸುತ್ತ ಹಾಡುವುದು ರೂಢಿ. ಆದರೆ ರೂಢಿ ನಂಬಿ ಕೂರುವಂತಿಲ್ಲ. ಪದದಲ್ಲಿ ಎಲ್ಲಕ್ಕಿಂತ ಮೇಲೇರುವ ಸಾಲು ಯಾವುದೋ ಅದನ್ನು ಹಿಡಿದು, ಮೂರು ನುಡಿ ಹಾಡಿ ದಣಿದ ಮೇಲೂ ಆ ಸಾಲು ಸಲೀಸಾಗಿ ಬರುವ ಮನೆಯನ್ನು ಹುಡುಕಬೇಕು. ಮನೆಯವರು ಮಲಗಿದ್ದಾರೆಂದು ರಾತ್ರಿ ಮೆಲುದನಿಯಲ್ಲಿ ಮಾಡಿದ ಡೆಮೊ ಇಲ್ಲಿ ಮೋಸ ಮಾಡುತ್ತದೆ. ಮೆಲುದನಿಗೆ ಹಿತವೆನಿಸಿದ ಶ್ರುತಿ ಸ್ಟುಡಿಯೊದಲ್ಲಿ ಬಾಯಿ ಬಿಟ್ಟು ಹಾಡುವಾಗ ತೀರ ತಗ್ಗಾಗಿ, ಹಾಡು ಏಳುವುದೇ ಇಲ್ಲ. ಇನ್ನೊಂದು ತೊಡಕು ಹಾರ್ಮೋನಿಯಂನದು. ಮಠದಲ್ಲೋ ಗುಡಿಯಲ್ಲೋ ವರ್ಷಗಟ್ಟಲೆ ಇದ್ದ ಪೆಟ್ಟಿಗೆಯ ಸ್ವರಗಳು ಜರುಗಿರುತ್ತವೆ. ಅದರ ಕರಿ ಒಂದು ಸ್ಟುಡಿಯೊದ ಕೀಬೋರ್ಡಿನ ಕರಿ ಒಂದಕ್ಕೆ ಕೂಡುವುದಿಲ್ಲ. ಫೋನಿನ ತಂಬೂರಿ ಆ್ಯಪ್ ಹಚ್ಚಿ ಒಮ್ಮೆ ತಾಳೆ ನೋಡಿದರೆ ಈ ತಕರಾರು ಅಲ್ಲೇ ಮುಗಿಯುತ್ತದೆ.

ನಡೆಯ ವಿಷಯ ಇದಕ್ಕಿಂತ ನಾಜೂಕು. ಮೊಹರಮ್ಮಿನ ರಿವಾಯತ್ ಪದಗಳನ್ನೇ ತೆಗೆದುಕೊಳ್ಳಿ. ಹೆಜ್ಜೆ ಮೇಳದಲ್ಲಿ ಕುಣಿಯುವವರ ಕಾಲೇ ತಾಳ. ಪದ ಏರಿದಂತೆ ಹೆಜ್ಜೆ ಬಿರುಸಾಗುತ್ತದೆ, ಇಳಿದಂತೆ ನಿಧಾನಿಸುತ್ತದೆ. ಡೆಮೊದಲ್ಲಿ ಬರೀ ದನಿ ಇದ್ದರೆ ಕೀಬೋರ್ಡಿನವರು ತಮ್ಮಲ್ಲಿರುವ ಸಿದ್ಧ ತಾಳವೊಂದನ್ನು ಹಚ್ಚುತ್ತಾರೆ. ಅದು ಮೊದಲಿಂದ ಕೊನೆಯವರೆಗೆ ಒಂದೇ ವೇಗದಲ್ಲಿ ಹೋಗುತ್ತದೆ, ಪದದ ಬಳುಕು ಮಾಯವಾಗುತ್ತದೆ. ಇಂದಿನ ಜಾನಪದ ಹಾಡುಗಳಲ್ಲಿ ಹತ್ತು ಕೇಳಿದರೆ ಒಂಬತ್ತು ಒಂದೇ ಥರ ಕೇಳುವುದಕ್ಕೆ ಹಾಡುಗಾರರ ದನಿ ಕಾರಣವಲ್ಲ, ಈ ಸಿದ್ಧ ತಾಳವೇ ಕಾರಣ ಎಂದು ನನ್ನ ಅನಿಸಿಕೆ. ಅದಕ್ಕೇ ಎರಡು ಡೆಮೊ ಕಳಿಸುವುದು ಲೇಸು. ಒಂದರಲ್ಲಿ ದನಿ ಮತ್ತು ಶ್ರುತಿ ಮಾತ್ರ, ಮಾತುಗಳು ಸ್ಪಷ್ಟವಾಗಿ ಕೇಳುವಂತೆ. ಇನ್ನೊಂದರಲ್ಲಿ ಇಡೀ ಮೇಳ, ಗೆಜ್ಜೆ ದಪ್ಪು ಸಮೇತ. ಮೊದಲನೆಯದು ಸ್ವರಕ್ಕೆ, ಎರಡನೆಯದು ನಡೆಗೆ.

ಮೇಳದ ಡೆಮೊದಲ್ಲಿ ಎಲ್ಲರಿಗಿಂತ ದೊಡ್ಡ ತಂಟೆಕೋರ ತಾಳ. ಅಂಗೈಯಗಲದ ಹಿತ್ತಾಳೆಯ ಜೋಡಿ ಫೋನಿನ ಸಣ್ಣ ಮೈಕಿನ ಮುಂದೆ ಝಣ್ ಎಂದರೆ ಮಿಕ್ಕಿದ್ದೆಲ್ಲ ಅದರಡಿ ಮುಳುಗುತ್ತದೆ. ತಾಳದವರನ್ನು ಬಾಗಿಲ ಹೊಸ್ತಿಲಿಗೆ, ಫೋನಿಗೆ ಬೆನ್ನು ಮಾಡಿ ಕೂರಿಸಬೇಕು. ಫೋನು ಹಾಡುವವರ ಎದುರು ಒಂದು ಮೊಳದ ಮೇಲೆ, ಬಾಯಿಗೆ ಸ್ವಲ್ಪ ಓರೆಯಾಗಿರಲಿ. ಹಾರ್ಮೋನಿಯಂ ಆಚೆಗಿರಲಿ, ಅದರ ತಿದಿಯ ಉಸಿರೂ ಮೈಕಿಗೆ ಕೇಳುತ್ತದೆ. ಫೋನನ್ನು ಬರಿ ನೆಲದ ಮೇಲಿಟ್ಟರೆ ದಪ್ಪಿನ ಗುದ್ದು ನೆಲದ ಗುಂಟ ಬಂದು ಸೇರುತ್ತದೆ. ಕೆಳಗೆ ಮಡಿಸಿದ ಟವೆಲ್ ಇರಲಿ. ಬರಿಗೋಡೆಯ ಕೋಣೆ ಅನುರಣಿಸುವುದನ್ನು ತಡೆಯಲು ನಮ್ಮ ಕಡೆ ಪ್ರತಿ ಮನೆಯಲ್ಲೂ ಮದ್ದಿದೆ: ಕೌದಿ. ಹಳೆ ಸೀರೆ, ಧೋತರ ಪದರ ಪದರವಾಗಿ ಸೇರಿಸಿ ಹೊಲಿದ ದಪ್ಪ ಕೌದಿಗಳನ್ನು ಹಾಡುವವರ ಬೆನ್ನಿಗೂ ಬದಿಗೂ ಹಗ್ಗಕ್ಕೆ ತೂಗುಬಿಟ್ಟರೆ ದನಿ ಒಣಗಿ ಶುಭ್ರವಾಗಿ ಕೇಳುತ್ತದೆ. ಫ್ಯಾನ್ ಬಂದ್, ಫೋನು ಏರೋಪ್ಲೇನ್ ಮೋಡಿನಲ್ಲಿ. ಗಜೇಂದ್ರಗಡದ ನೇಕಾರರ ಓಣಿಯಲ್ಲಿರುವವರು ಮಗ್ಗ ನಿಲ್ಲುವ ಹೊತ್ತನ್ನೇ ಕಾಯಬೇಕು. ಚೆಂದವೆಂದು ಕಾಲಕಾಲೇಶ್ವರನ ಗುಡ್ಡಕ್ಕೆ ಹೋಗಿ ಹಾಡುವುದು ವಿಡಿಯೊಗೆ ಸರಿ, ಡೆಮೊಗೆ ಅಲ್ಲ. ಗಾಳಿ ವಿದ್ಯುತ್ತಿನ ಗಿರಣಿಗಳನ್ನು ಸುಮ್ಮನೆ ಆ ಸೀಮೆಯಲ್ಲಿ ನೆಟ್ಟಿಲ್ಲ!

ಕಳಿಸುವ ಬಗೆಯೂ ಮುಖ್ಯ. ವಾಟ್ಸ್‌ಆ್ಯಪ್‌ನ ವಾಯ್ಸ್ ಮೆಸೇಜ್ ದನಿಯನ್ನು ಹಿಂಡಿ ಚಿಕ್ಕದು ಮಾಡುತ್ತದೆ. ರೆಕಾರ್ಡರ್ ಆ್ಯಪ್‌ನಲ್ಲಿ ಮುದ್ರಿಸಿ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದದ್ದು ಇದ್ದ ಹಾಗೆ ತಲುಪುತ್ತದೆ. ಗೌಹರ್ ಜಾನ್ ಕೊನೆಗೆ ಹೇಳಿದ್ದನ್ನು ನಾವು ಮೊದಲಿಗೇ ಹೇಳಬಹುದು: ಹೆಸರು, ಊರು, ತಾರೀಖು, ಶ್ರುತಿ. ಪದದ ಹಕ್ಕಿನ ಜಗಳ ಬಂದಾಗ ಈ ತಾರೀಖು ಕೆಲಸಕ್ಕೆ ಬರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ನೋಂದಣಿ ಕಡ್ಡಾಯವಲ್ಲ, ಬರೆದವರಿಗೆ ಹಕ್ಕು ತಾನಾಗಿಯೇ ಬರುತ್ತದೆ. ಆದರೆ ಮೊದಲು ಬರೆದವರು ಯಾರೆಂದು ತೋರಿಸಲು ಕೈಯಲ್ಲೊಂದು ಪುರಾವೆ ಬೇಕಲ್ಲ.

ಡೆಮೊವನ್ನು ಅತಿಯಾಗಿ ತಿದ್ದುವುದೂ ಬೇಡ. ತಿದ್ದಿ ತಿದ್ದಿ ಅದಕ್ಕೇ ಕಿವಿ ಒಗ್ಗಿಹೋದರೆ ಸ್ಟುಡಿಯೊದಲ್ಲಿ ಏನು ಮಾಡಿದರೂ ಸಪ್ಪೆ ಎನಿಸುತ್ತದೆ. ಕೆಲವೊಮ್ಮೆ ಆ ಅನಿಸಿಕೆ ನಿಜವೂ ಇರುತ್ತದೆ. ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರಲ್ಲಿ ಮನೆಯ ಕೋಣೆಯಲ್ಲಿ ಕುಳಿತು ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದಲ್ಲಿ ಡೆಮೊ ಮಾಡಿಕೊಂಡರು. ಆಮೇಲೆ ಸ್ಟುಡಿಯೊದಲ್ಲಿ ತಮ್ಮ ಇಡೀ ತಂಡದೊಂದಿಗೆ ಹಾಡಿ ನೋಡಿದರೂ ಆ ಕ್ಯಾಸೆಟ್ಟಿನ ಕಸುವು ಬರಲಿಲ್ಲ. ಕೊನೆಗೆ ಆ ಡೆಮೊವೇ ‘ನೆಬ್ರಾಸ್ಕ’ ಎಂಬ ಆಲ್ಬಮ್ಮಾಗಿ ಹೊರಬಂತು.

ನಮ್ಮ ಕಡೆಯ ರಿವಾಯತ್, ಗೀಗೀ, ತತ್ವಪದಗಳನ್ನು ಬಾಯಿಪಾಠದಲ್ಲೇ ಇಟ್ಟುಕೊಂಡಿರುವ ಹಿರಿಯರು ಸ್ಟುಡಿಯೊದ ತನಕ ಹೋಗುವುದು ಅಪರೂಪ. ಮೊಮ್ಮಕ್ಕಳ ಫೋನಿನಲ್ಲಿರುವ ಡೆಮೊವೇ ಎಷ್ಟೋ ಪದಗಳಿಗೆ ಉಳಿದ ಏಕೈಕ ದಾಖಲೆಯಾಗಬಹುದು. ಟ್ರ್ಯಾಕ್ ಮುಗಿಯಿತೆಂದು ಅದನ್ನು ಅಳಿಸಬೇಡಿ. ಹಾಡಿದವರ ಹೆಸರು, ಊರು, ತಾರೀಖು ಬರೆದು ಇನ್ನೊಂದು ಕಡೆ ಪ್ರತಿ ಮಾಡಿಡಿ.