ಖಾಲಿ ಸೆಲ್ ಸಮವೋ, ಬೆಸವೋ?



2024ರ ಯುಗಾದಿ ಊಟದ ದಿನ ಮೊದಲ ಪಂಕ್ತಿಯಲ್ಲಿ ಜಾಗ ಸಾಲದೆ ಕೆಲವರು ಊರಿಂದ ಬಂದಿದ್ದ ಅಪ್ಪ-ಅಮ್ಮನ ಜೊತೆ ಬಾಗಿಲಲ್ಲೇ ಕಾಯಬೇಕಾಯಿತು, ನೆನಪಿದೆಯೇ? ಬೈಗುಳವೆಲ್ಲ ಬಡಿಸುವವರಿಗೆ ಹೋಯಿತು. ನಿಜ ಹೇಳಬೇಕೆಂದರೆ ತಪ್ಪು ಅವರದಲ್ಲ, ನಾನು ಬರೆದ ಎಕ್ಸೆಲ್ ಮ್ಯಾಕ್ರೋದ್ದು.

ಲೆಕ್ಕವೇನೋ ಸುಲಭವಾಗಿತ್ತು. ಟೋಕನ್ 1ರಿಂದ 80. ಸಮಸಂಖ್ಯೆಯವರಿಗೆ ಮೊದಲ ಪಂಕ್ತಿ, ಬೆಸಸಂಖ್ಯೆಯವರಿಗೆ ಎರಡನೆಯದು. ತಲಾ 40 ಕುಟುಂಬ. ಭಾಗಿಸಿದಾಗ ಉಳಿಯುವ ಶೇಷವನ್ನು ಹೇಳಲು ವಿಬಿಎಯಲ್ಲಿ 'ಮಾಡ್' ಇದೆ. 2ರಿಂದ ಭಾಗಿಸಿದ ಶೇಷ ಸೊನ್ನೆಯಾದರೆ ಸಮ. ಒಂದೇ ಸಾಲಿನ ಕೋಡ್! ಆದರೆ ಮೊದಲ ಪಂಕ್ತಿಯ ಚೀಟಿ ಹಿಡಿದು ಬಂದದ್ದು 57 ಕುಟುಂಬ.

ಹೆಚ್ಚಿನ 17ರಲ್ಲಿ 11 ಕುಟುಂಬ ತಡವಾಗಿ ಹೆಸರು ಕೊಟ್ಟವರು. ಅವರ ಟೋಕನ್ ಸೆಲ್ ಖಾಲಿ ಇತ್ತು. ವಿಬಿಎ ಲೆಕ್ಕ ಮಾಡುವಾಗ ಖಾಲಿ ಸೆಲ್ಲನ್ನು ಸೊನ್ನೆ ಎಂದುಕೊಳ್ಳುತ್ತದೆ. ಸೊನ್ನೆ ಸಮಸಂಖ್ಯೆ ತಾನೇ?

ಉಳಿದ 6 ಕುಟುಂಬಗಳನ್ನು ಅವರ ನೆಂಟರ ಜೊತೆ ಕೂರಿಸಲೆಂದು ನಮ್ಮ ಸ್ವಯಂಸೇವಕರೊಬ್ಬರು 13.5, 27.5 ಎಂದು ನಡುವೆ ಸೇರಿಸಿದ್ದರು. 'ಮಾಡ್' ದಶಮಾಂಶವನ್ನು ಮೊದಲು ಪೂರ್ಣಾಂಕ ಮಾಡಿಕೊಳ್ಳುತ್ತದೆ. ಸರಿಯಾಗಿ ಅರ್ಧ ಇದ್ದರೆ ಹತ್ತಿರದ ಸಮಸಂಖ್ಯೆಗೇ ಹೋಗುತ್ತದೆ: 13.5 ಆಯಿತು 14, 27.5 ಆಯಿತು 28. ಹೀಗೆ ಅಕ್ಕ ಎರಡನೇ ಪಂಕ್ತಿ, ತಂಗಿ ಮೊದಲ ಪಂಕ್ತಿ!

ಕೋಡ್ ಬೇಡ, ಹಾಳೆಯಲ್ಲೇ ಇರುವ 'ಈಸ್‌ಈವನ್' ಸೂತ್ರ ಸಾಕು ಎನ್ನುವವರಿಗೂ ಒಂದು ಮಾತು. ಅದು ದಶಮಾಂಶವನ್ನು ಕತ್ತರಿಸಿ 13.5 ಬೆಸ ಎನ್ನುತ್ತದೆ. ಆದರೆ ಖಾಲಿ ಸೆಲ್ ಅದಕ್ಕೂ ಸಮವೇ.

ಈಗ ನಾನು ಮಾಡುವುದಿಷ್ಟು:

1. ಸೆಲ್ ಖಾಲಿಯೇ ಎಂದು 'ಈಸ್‌ಎಂಪ್ಟಿ'ಯಿಂದ ಮೊದಲು ಕೇಳುವುದು.
2. ಆಮೇಲೆ 'ಈಸ್‌ನ್ಯೂಮೆರಿಕ್'ನಿಂದ ಸಂಖ್ಯೆಯೇ ಎಂದು ಕೇಳುವುದು. ಈ ಕ್ರಮ ಮುಖ್ಯ, ಏಕೆಂದರೆ ಇದು ಖಾಲಿ ಸೆಲ್ಲನ್ನೂ ಸಂಖ್ಯೆ ಎಂದುಬಿಡುತ್ತದೆ.
3. 'ಇಂಟ್' ಹಾಕಿದ ಮೇಲೂ ಬೆಲೆ ಬದಲಾಗದಿದ್ದರೆ ಅದು ಪೂರ್ಣಾಂಕ.
4. ಕೊನೆಗೆ 'ಮಾಡ್'. ಶೇಷ ಸೊನ್ನೆಯೇ ಎಂದೇ ನೋಡಿ, ಒಂದೇ ಎಂದಲ್ಲ. ವಿಬಿಎಯಲ್ಲಿ -3ರ ಶೇಷ -1 ಬರುತ್ತದೆ.

ಮೊದಲ ಮೂರರಲ್ಲಿ ಎಡವಿದ ಸಾಲಿಗೆ ಚೀಟಿ ಅಚ್ಚಾಗುವುದಿಲ್ಲ. ಕೆಂಪು ಬಣ್ಣ ಬರುತ್ತದೆ, ನಾನೇ ಫೋನ್ ಮಾಡಿ ಕೇಳುತ್ತೇನೆ. ಕಂಪ್ಯೂಟರ್ ನಾವು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ. "ಇವರಿಗೆ ಟೋಕನ್ ಕೊಟ್ಟಿದ್ದೀರಾ?" ಎಂದು ನಾನು ಕೇಳಿರಲೇ ಇಲ್ಲ.

ಅಂದು ಬಾಗಿಲಲ್ಲಿ ಕಾದ ಹಿರಿಯರಲ್ಲೂ ಬೈಸಿಕೊಂಡ ಬಡಿಸುವವರಲ್ಲೂ ಕ್ಷಮೆ ಕೋರುತ್ತೇನೆ. ಮುಂದಿನ ಊಟಕ್ಕೆ ದಯವಿಟ್ಟು ಸ್ವಲ್ಪ ಬೇಗ ಹೆಸರು ಕೊಡಿ!