ಯಂತ್ರಗಳ ಮಾತುಕತೆ

ಬೆಳಗಾವಿಯು ತನ್ನ ಕೋಟೆಗೂ ಕುಂದಾಕ್ಕೂ ಹೆಸರಾಗಿರುವಂತೆ ಎರಕದ ಕೆಲಸಕ್ಕೂ ಹೆಸರಾದ ನಗರ. ಉದ್ಯಮಬಾಗ, ಮಚ್ಛೆ, ಆಟೋ ನಗರ ಮೊದಲಾದ ಕೈಗಾರಿಕಾ ಪ್ರದೇಶಗಳಿಗೆ ಹೋದವರಿಗೆ ಲೇತ್ ಯಂತ್ರಗಳ ಸದ್ದು ಕೇಳಿಸುತ್ತದೆ; ಕಬ್ಬಿಣವನ್ನು ಕರಗಿಸಿ ಅಚ್ಚಿಗೆ ಹೊಯ್ಯುವ ಕಾರ್ಖಾನೆಗಳೂ, ಆರಿದ ಎರಕವನ್ನು ಕಡೆದು ನಯಗೊಳಿಸುವ ಕಾರ್ಖಾನೆಗಳೂ ಕಾಣಸಿಗುತ್ತವೆ. ಇಂತಹ ಒಂದು ಎರಕದ ಮನೆಯ ಕೆಲಸವು ಒಬ್ಬನಿಂದ ಆಗತಕ್ಕುದಲ್ಲ. ಒಬ್ಬನು ಮರಳಿಗೆ ಜೇಡಿಯನ್ನೂ ನೀರನ್ನೂ ಬೆರೆಸಿ ಹದಗೊಳಿಸಬೇಕು. ಇನ್ನೊಬ್ಬನು ಆ ಮರಳಿನಿಂದ ಅಚ್ಚು ಕಟ್ಟಬೇಕು. ಮತ್ತೊಬ್ಬನು ಕುಲುಮೆಯನ್ನು ನೋಡಿಕೊಳ್ಳಬೇಕು. ಹಿಂದೆ ಇವರೆಲ್ಲರನ್ನೂ ಒಂದುಗೂಡಿಸುತ್ತಿದ್ದುದು ಬಾಯಿಮಾತು. ಮರಳನ್ನು ಒಂದು ಹಿಡಿಯಷ್ಟು ತೆಗೆದು ಅದುಮಿ ನೋಡಿದ ಅನುಭವಿಯು “ಸಾಕು” ಎಂದರೆ ನೀರು ನಿಲ್ಲುತ್ತಿತ್ತು; ಅಚ್ಚಿನವನು “ನಿಲ್ಲಿಸು” ಎಂದರೆ ಮರಳು ನಿಲ್ಲುತ್ತಿತ್ತು.

ಇಂದು ಈ ಕೆಲಸಗಳಲ್ಲಿ ಎಷ್ಟನ್ನೋ ಯಂತ್ರಗಳೇ ಮಾಡುತ್ತವೆ. ಹಾಗಾದರೆ ಯಂತ್ರವು ಯಂತ್ರಕ್ಕೆ “ನಿಲ್ಲಿಸು” ಎಂದು ಹೇಳುವುದು ಹೇಗೆ? ಹೇಳಿದ ಮಾತು ತಲುಪದಿದ್ದರೆ ಆಗುವುದೇನು? ಈ ಎರಡು ಪ್ರಶ್ನೆಗಳಿಗೆ ಉತ್ತರವನ್ನು ತಿಳಿಯಬೇಕಾದರೆ ಯಂತ್ರಗಳ ಮೆದುಳಿನಂತಿರುವ ಒಂದು ಸಾಧನದ ಪರಿಚಯವು ಮೊದಲು ಆಗಬೇಕು. ಅದರ ಹೆಸರು ಪ್ರೋಗ್ರಾಮಬಲ್ ಲಾಜಿಕ್ ಕಂಟ್ರೋಲರ್, ಸಂಕ್ಷೇಪವಾಗಿ ಪಿ.ಎಲ್.ಸಿ. ಕೊಟ್ಟ ನಿಯಮಗಳಿಗೆ ಅನುಸಾರವಾಗಿ ಯಂತ್ರವನ್ನು ನಡೆಸುವ ನಿಯಂತ್ರಕ ಎಂಬುದು ಇದರ ಅರ್ಥ.

ಪಿ.ಎಲ್.ಸಿ. ಹುಟ್ಟುವ ಮೊದಲು ಕಾರ್ಖಾನೆಯ ಯಂತ್ರಗಳನ್ನು ರಿಲೇ ಎಂಬ ವಿದ್ಯುತ್ ಸಾಧನಗಳು ನಡೆಸುತ್ತಿದ್ದವು. ದೊಡ್ಡ ಕಾರ್ಖಾನೆಯೊಂದರಲ್ಲಿ ನೂರಾರು ರಿಲೇಗಳು, ಸಾವಿರಾರು ತಂತಿಗಳು ಇರುತ್ತಿದ್ದವು. ಕೆಲಸದ ಕ್ರಮ ಬದಲಾದರೆ ತಂತಿಗಳನ್ನೆಲ್ಲ ಬಿಚ್ಚಿ ಹೊಸದಾಗಿ ಜೋಡಿಸಬೇಕಾಗುತ್ತಿತ್ತು. ಈ ಕಷ್ಟವನ್ನು ನೀಗುವ ಸಾಧನವೊಂದು ಬೇಕೆಂದು ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯು 1968ರಲ್ಲಿ ಬೇಡಿಕೆ ಮುಂದಿಟ್ಟಿತು. ಡಿಕ್ ಮಾರ್ಲೆ ಎಂಬ ಎಂಜಿನಿಯರನೂ ಅವನ ಸಂಗಡಿಗರೂ ರೂಪಿಸಿದ ಮೋಡಿಕಾನ್ 084 ಎಂಬ ನಿಯಂತ್ರಕವು 1969ರಲ್ಲಿ ಸಿದ್ಧವಾಯಿತು. ಅದು ಅವರ ಸಂಸ್ಥೆಯು ಕೈಗೊಂಡ ಎಂಬತ್ತನಾಲ್ಕನೆಯ ಕೆಲಸವಾದುದರಿಂದ ಆ ಸಂಖ್ಯೆಯೇ ಅದಕ್ಕೆ ಹೆಸರಾಯಿತು. ಇದರಲ್ಲಿ ಕ್ರಮವನ್ನು ಬದಲಾಯಿಸಲು ತಂತಿಯನ್ನು ಬಿಚ್ಚಬೇಕಾಗಿರಲಿಲ್ಲ. ಒಳಗಿನ ನಿಯಮಾವಳಿಯನ್ನು ತಿದ್ದಿದರೆ ಸಾಕಾಗಿತ್ತು.

ಪಿ.ಎಲ್.ಸಿ.ಯ ಕೆಲಸದ ರೀತಿ ಸರಳವಾದುದು. ಮೊದಲು ಅದು ಗುಂಡಿ ಒತ್ತಲಾಗಿದೆಯೇ, ನೀರು ಹರಿಯುತ್ತಿದೆಯೇ, ತೊಟ್ಟಿ ತುಂಬಿದೆಯೇ ಎಂಬ ವಿಷಯಗಳನ್ನು ಸಂವೇದಕಗಳ ಮೂಲಕ ಅರಿಯುತ್ತದೆ. ಅನಂತರ ತನ್ನಲ್ಲಿರುವ ನಿಯಮಗಳೊಡನೆ ಅವನ್ನು ತಾಳೆ ನೋಡುತ್ತದೆ. ಕೊನೆಯಲ್ಲಿ ಮೋಟಾರನ್ನು ತಿರುಗಿಸುವುದೋ ವಾಲ್ವನ್ನು ಮುಚ್ಚುವುದೋ ಆಯಾ ಆಜ್ಞೆಯನ್ನು ಕೊಡುತ್ತದೆ. ಒಂದು ಸುತ್ತು ಮುಗಿಯಲು ಸೆಕೆಂಡಿನ ಸಾವಿರದ ಕೆಲವೇ ಭಾಗಗಳಷ್ಟು ಕಾಲ ಸಾಕು. ಮುಗಿದೊಡನೆ ಮತ್ತೆ ಮೊದಲಿನಿಂದ ಆರಂಭ. ಹಗಲಿರುಳೂ ಈ ಸುತ್ತು ನಿಲ್ಲುವುದಿಲ್ಲ.

ಆದರೆ ಒಂದು ಪಿ.ಎಲ್.ಸಿ.ಗೆ ತನ್ನ ಯಂತ್ರದ ಸಂಗತಿ ಮಾತ್ರ ಗೊತ್ತು. ಮರಳು ಬೆರೆಸುವ ಯಂತ್ರಕ್ಕೆ ಒಂದು, ಮರಳನ್ನು ಸಾಗಿಸುವ ಪಟ್ಟೆಗೆ ಇನ್ನೊಂದು ಪಿ.ಎಲ್.ಸಿ. ಇದೆಯೆಂದು ಭಾವಿಸಬಹುದು. ಯಾವುದೋ ಕಾರಣದಿಂದ ಪಟ್ಟೆ ನಿಂತಿತು. ಈ ವಿಷಯ ಮೊದಲನೆಯದಕ್ಕೆ ತಿಳಿಯದಿದ್ದರೆ ಅದು ತನ್ನ ಪಾಡಿಗೆ ತಾನು ಮರಳನ್ನು ಸುರಿಯುತ್ತಲೇ ಇರುತ್ತದೆ. ನಿಂತ ಪಟ್ಟೆಯ ಮೇಲೆ ಮರಳಿನ ಗುಡ್ಡೆ ಬೆಳೆದು ನೆಲಕ್ಕೆ ಚೆಲ್ಲುತ್ತದೆ. ಆದುದರಿಂದ ಇವೆರಡರ ನಡುವೆ ಸಂಪರ್ಕ ಬೇಕು. ಅದಕ್ಕೆ ಅವಶ್ಯವಾದುವು ಮೂರು: ದಾರಿ, ವಿಳಾಸ ಮತ್ತು ಭಾಷೆ.

ಮೊದಲನೆಯದು ದಾರಿ. ಕಾರ್ಖಾನೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಪದ್ಧತಿಗೆ ಆರ್.ಎಸ್. 485 ಎಂದು ಹೆಸರು. ಇದರಲ್ಲಿ ಒಂದಕ್ಕೊಂದು ಹೆಣೆದುಕೊಂಡ ಜೋಡಿ ತಂತಿಯು ಸುಮಾರು 1200 ಮೀಟರುಗಳವರೆಗೆ ಸಂದೇಶವನ್ನು ಒಯ್ಯಬಲ್ಲದು. ತಂತಿಗಳನ್ನು ಜಡೆಯಂತೆ ಹೆಣೆಯುವುದಕ್ಕೆ ಕಾರಣವುಂಟು. ದೊಡ್ಡ ಮೋಟಾರುಗಳೂ ವಿದ್ಯುತ್ ಕುಲುಮೆಗಳೂ ಸುತ್ತಲೂ ವಿದ್ಯುತ್ತಿನ ಗದ್ದಲವನ್ನು ಎಬ್ಬಿಸುತ್ತವೆ. ಹೆಣೆದ ತಂತಿಗಳೆರಡರ ಮೇಲೂ ಆ ಗದ್ದಲ ಒಂದೇ ಸಮನಾಗಿ ಬೀಳುತ್ತದೆ. ಸಂದೇಶವಿರುವುದಾದರೋ ಎರಡರ ನಡುವಣ ವ್ಯತ್ಯಾಸದಲ್ಲಿ. ಹೀಗಾಗಿ ಗದ್ದಲ ಕಳೆದುಹೋಗಿ ಮಾತು ಉಳಿಯುತ್ತದೆ. ದಾರಿಯ ಎರಡು ತುದಿಗಳಲ್ಲಿಯೂ 120 ಓಮ್‌ನ ರೋಧಕಗಳನ್ನು ಕೂರಿಸುತ್ತಾರೆ. ಇಲ್ಲವಾದರೆ ಬಾವಿಯೊಳಗೆ ಕೂಗಿದ ಕೂಗು ಮರುದನಿಯಾಗಿ ಬರುವಂತೆ ಸಂದೇಶವು ತುದಿಯಲ್ಲಿ ಬಡಿದು ಹಿಂದಿರುಗಿ, ಹೊಸ ಸಂದೇಶವನ್ನು ಕೆಡಿಸುತ್ತದೆ.

ಈಚಿನ ಕಾರ್ಖಾನೆಗಳಲ್ಲಿ ಈಥರ್ನೆಟ್ ಎಂಬ ಪದ್ಧತಿಯು ಹೆಚ್ಚಾಗಿ ರೂಢಿಗೆ ಬಂದಿದೆ. 1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಸ್ಥೆಯ ಸಂಶೋಧನ ಕೇಂದ್ರದಲ್ಲಿ ಕಚೇರಿಯ ಕಂಪ್ಯೂಟರುಗಳಿಗಾಗಿ ಹುಟ್ಟಿದ ಈ ಪದ್ಧತಿ ಅನಂತರ ಕಾರ್ಖಾನೆಯನ್ನೂ ಪ್ರವೇಶಿಸಿತು. ಇದು ಬಹಳ ವೇಗವುಳ್ಳದ್ದು. ಆದರೆ ತಾಮ್ರದ ತಂತಿಯಾದರೆ ಒಂದು ಎಳೆಯು 100 ಮೀಟರನ್ನು ಮೀರಬಾರದು. ದೂರ ಹೆಚ್ಚಿದ್ದರೆ ಬೆಳಕಿನ ಮೂಲಕ ಸಂದೇಶವನ್ನು ಒಯ್ಯುವ ಗಾಜಿನ ಎಳೆಯನ್ನು ಬಳಸಬೇಕು. ದಾರಿ ಯಾವುದೇ ಆಗಲಿ, ಸಂದೇಶದ ತಾಮ್ರತಂತಿಯನ್ನು ಮೋಟಾರಿನ ವಿದ್ಯುತ್ ತಂತಿಯ ಜೊತೆಯಲ್ಲಿಯೇ ಎಳೆಯಬಾರದೆಂಬುದನ್ನು ಕುಶಲ ಕೆಲಸಗಾರನು ಎಂದಿಗೂ ಮರೆಯುವುದಿಲ್ಲ.

ಎರಡನೆಯದು ವಿಳಾಸ. ಅಂಚೆಯವನಿಗೆ ಮನೆಯ ಸಂಖ್ಯೆ ಹೇಗೋ ಸಂದೇಶಕ್ಕೆ ಪಿ.ಎಲ್.ಸಿ.ಯ ವಿಳಾಸ ಹಾಗೆ. ಈಥರ್ನೆಟ್ಟಿನಲ್ಲಿ ಸಾಮಾನ್ಯವಾಗಿ ಈ ವಿಳಾಸವು 192.168.1.10 ಎಂಬಂತೆ ನಾಲ್ಕು ಸಂಖ್ಯೆಗಳಿಂದ ಕೂಡಿರುತ್ತದೆ. ಮೊದಲ ಮೂರು ಸಂಖ್ಯೆಗಳನ್ನು ಬೀದಿಯ ಹೆಸರೆಂದೂ ಕೊನೆಯದನ್ನು ಮನೆಯ ಸಂಖ್ಯೆಯೆಂದೂ ಗೊತ್ತುಮಾಡಿಕೊಳ್ಳುವುದು ಚಿಕ್ಕ ಜಾಲಗಳಲ್ಲಿ ವಾಡಿಕೆ. ಹಾಗಿರುವಾಗ 192.168.1.11 ಎಂಬುದು ಅದೇ ಬೀದಿಯ ಪಕ್ಕದ ಮನೆ, 192.168.2.11 ಎಂಬುದು ಬೇರೆಯ ಬೀದಿ. ಬೀದಿ ಬೇರೆಯಾದರೆ, ದಾರಿ ತೋರಿಸುವ ಬೇರೊಂದು ಸಾಧನದ ನೆರವಿಲ್ಲದೆ ಮಾತು ತಲುಪದು. ಎರಡು ಯಂತ್ರಗಳಿಗೆ ಒಂದೇ ವಿಳಾಸವನ್ನು ಕೊಟ್ಟುಬಿಟ್ಟರಂತೂ ಒಬ್ಬರ ಪತ್ರ ಇನ್ನೊಬ್ಬರ ಕೈ ಸೇರಿ ಗೊಂದಲವಾಗುತ್ತದೆ. ಆದುದರಿಂದ ಕೆಲಸವನ್ನು ಬಲ್ಲವರು ತಂತಿಯನ್ನು ಮುಟ್ಟುವ ಮೊದಲು ಕಾಗದದ ಮೇಲೆ ವಿಳಾಸಗಳ ಪಟ್ಟಿಯನ್ನು ಬರೆದುಕೊಳ್ಳುತ್ತಾರೆ.

ಮೂರನೆಯದು ಭಾಷೆ. ಇಬ್ಬರು ಎದುರುಬದುರಾಗಿ ಕುಳಿತ ಮಾತ್ರಕ್ಕೆ ಮಾತುಕತೆ ನಡೆಯದು. ಇಬ್ಬರಿಗೂ ತಿಳಿದ ನುಡಿಯೊಂದು ಬೇಕು. 1979ರಲ್ಲಿ ಮೋಡಿಕಾನ್ ಸಂಸ್ಥೆಯು ಪ್ರಕಟಿಸಿದ ಮಾಡ್‌ಬಸ್ ಎಂಬುದು ಇಂತಹ ಭಾಷೆಗಳಲ್ಲಿ ಹಳೆಯದು, ಇಂದಿಗೂ ಬಳಕೆಯಲ್ಲಿರುವುದು. ಜೋಡಿ ತಂತಿಯ ಮೇಲೆ ಇದು ನಡೆಯುವ ರೀತಿಯು ತರಗತಿಯಲ್ಲಿ ಉಪಾಧ್ಯಾಯರು ಹಾಜರಿ ಕರೆಯುವುದನ್ನು ಹೋಲುತ್ತದೆ. ಒಂದು ಯಂತ್ರ ಮಾತ್ರ ಪ್ರಶ್ನೆ ಕೇಳುತ್ತದೆ. ಕೇಳಿಸಿಕೊಂಡ ಯಂತ್ರ ಮಾತ್ರ ಉತ್ತರ ಕೊಡುತ್ತದೆ. ಕೇಳದೆ ಯಾರೂ ಮಾತನಾಡುವಂತಿಲ್ಲ. ಪ್ರತಿಯೊಂದು ಸಂದೇಶದ ಕೊನೆಯಲ್ಲಿ ಒಂದು ತಾಳೆಸಂಖ್ಯೆ ಇರುತ್ತದೆ. ದಾರಿಯಲ್ಲಿ ಸಂದೇಶವು ಕೆಟ್ಟಿದ್ದರೆ ಆ ಸಂಖ್ಯೆ ಹೊಂದುವುದಿಲ್ಲ. ಅಂತಹ ಸಂದೇಶವನ್ನು ತಳ್ಳಿಹಾಕಲಾಗುತ್ತದೆ.

ಭಾಷೆಯು ಒಂದೇ ಆದರೂ ಅರ್ಥದಲ್ಲಿ ಒಪ್ಪಂದವಿಲ್ಲದಿದ್ದರೆ ಅಪಾಯ ತಪ್ಪದು. ಮಾಡ್‌ಬಸ್‌ನ ಒಂದು ಕೋಣೆಯಲ್ಲಿ 0ಯಿಂದ 65535ರವರೆಗಿನ ಪೂರ್ಣಸಂಖ್ಯೆಯನ್ನು ಇಡಬಹುದು. ದಶಮಾಂಶಕ್ಕೆ ಅಲ್ಲಿ ಸ್ಥಳವಿಲ್ಲ. ಆದುದರಿಂದ 65.4 ಡಿಗ್ರಿ ಉಷ್ಣತೆಯನ್ನು ಹತ್ತರಿಂದ ಗುಣಿಸಿ 654 ಎಂದು ಕಳುಹಿಸುವ ರೂಢಿಯುಂಟು. ಈ ಗುಟ್ಟನ್ನು ಅರಿಯದ ಇನ್ನೊಂದು ಯಂತ್ರವು ಅದನ್ನು 654 ಡಿಗ್ರಿಯೆಂದೇ ನಂಬುತ್ತದೆ. ಸಂದೇಶದಲ್ಲಿ ತಪ್ಪಿಲ್ಲ, ತಾಳೆಸಂಖ್ಯೆಯೂ ಸರಿಯಾಗಿದೆ; ತಪ್ಪಿರುವುದು ಮನುಷ್ಯರ ನಡುವಣ ಒಪ್ಪಂದದಲ್ಲಿ.

ಹೀಗೆ ದಾರಿ, ವಿಳಾಸ, ಭಾಷೆ ಮೂರೂ ಸಿದ್ಧವಾದ ಮೇಲೆ ಪರೀಕ್ಷೆಯ ಸರದಿ. ಮೊದಲು ತಂತಿ ಸೇರುವೆಡೆಯಲ್ಲಿ ದೀಪ ಉರಿಯುತ್ತಿದೆಯೇ ಎಂದು ನೋಡಬೇಕು. ಬಳಿಕ “ಇದ್ದೀಯಾ?” ಎಂದು ಕೇಳುವ ಪಿಂಗ್ ಎಂಬ ಕಿರುಸಂದೇಶವನ್ನು ಕಳುಹಿಸಿ ಉತ್ತರಕ್ಕೆ ಕಾಯಬೇಕು. ಆಮೇಲೆ ಮೊದಲೇ ತಿಳಿದಿರುವ ಒಂದು ಬೆಲೆಯನ್ನು ಓದಿ ತಾಳೆ ನೋಡಬೇಕು. ಆಜ್ಞೆಯನ್ನು ಬರೆದು ನೋಡುವುದು ಎಲ್ಲಕ್ಕಿಂತ ಕೊನೆಯ ಕೆಲಸ. ಅದನ್ನೂ ಯಂತ್ರದ ಬಳಿ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡೇ ಮಾಡತಕ್ಕದ್ದು. ಏಕೆಂದರೆ ಕಚೇರಿಯ ಕಂಪ್ಯೂಟರಿಗೆ ತಪ್ಪು ಸಂದೇಶ ಹೋದರೆ ಒಂದು ಹಾಳೆ ಕೆಡಬಹುದು; ಪಿ.ಎಲ್.ಸಿ.ಗೆ ತಪ್ಪು ಸಂದೇಶ ಹೋದರೆ ಒಬ್ಬನ ಕೈ ಹೋಗಬಹುದು.

ಇಷ್ಟಕ್ಕೆ ಕೆಲಸ ಮುಗಿಯಿತೆಂದು ತಿಳಿಯುವವರುಂಟು. ಆದರೆ ನಿಜವಾದ ಪರೀಕ್ಷೆಯು ಇನ್ನೂ ಉಳಿದಿದೆ. ಅದು ತಂತಿಯನ್ನು ಬೇಕೆಂದೇ ಕಿತ್ತು ನೋಡುವ ಪರೀಕ್ಷೆ. ಇಲಿ ಕಡಿಯಬಹುದು, ಗಾಡಿ ತಗಲಬಹುದು, ದೂಳು ತುಂಬಬಹುದು. ಮಾತು ನಿಲ್ಲುವ ದಿನವೊಂದು ಬಂದೇ ಬರುತ್ತದೆ. ಆ ದಿನ ಮರಳಿನ ಯಂತ್ರವು “ಪಟ್ಟೆ ನಡೆಯುತ್ತಿದೆ” ಎಂಬ ಹಳೆಯ ಸುದ್ದಿಯನ್ನೇ ನಂಬಿ ಕುಳಿತರೆ ಸಂಪರ್ಕವು ಇದ್ದೂ ಇಲ್ಲದಂತೆಯೇ. ಇದಕ್ಕಾಗಿ ಒಂದು ಉಪಾಯವಿದೆ. ಪಟ್ಟೆಯ ಪಿ.ಎಲ್.ಸಿ.ಯು ಸೆಕೆಂಡಿಗೊಮ್ಮೆ ಒಂದು ಸಂಖ್ಯೆಯನ್ನು ಏರಿಸುತ್ತ ಹೋಗುತ್ತದೆ, ಮರಳಿನ ಪಿ.ಎಲ್.ಸಿ.ಯು ಅದನ್ನು ಗಮನಿಸುತ್ತಿರುತ್ತದೆ. ವೈದ್ಯರು ನಾಡಿ ಹಿಡಿದು ನೋಡುವಂತೆ ಇದು. ಕೆಲವು ಸೆಕೆಂಡುಗಳ ಕಾಲ ಸಂಖ್ಯೆ ಏರದಿದ್ದರೆ ಮಾತು ನಿಂತಿತೆಂದು ತಿಳಿದು ಅದು ತಾನೂ ಸುರಕ್ಷಿತವಾಗಿ ನಿಲ್ಲುತ್ತದೆ.

ಕುಲುಮೆಯ ಬಳಿಯಲ್ಲಂತೂ ಇಷ್ಟು ಎಚ್ಚರವೂ ಸಾಲದು. ವಿದ್ಯುತ್ ಪ್ರೇರಣ ಕುಲುಮೆಯ ಸುತ್ತ ತಾಮ್ರದ ಸುರುಳಿಯಿದ್ದು ಅದರೊಳಗೆ ತಂಪು ನೀರು ಸದಾ ಹರಿಯುತ್ತಿರಬೇಕು. ನೀರು ನಿಂತರೆ ಸುರುಳಿ ಸುಟ್ಟು ತೂತಾಗಬಹುದು. ಅಲ್ಲಿಂದ ನೀರು ಸೋರಿ ಕರಗಿದ ಕಬ್ಬಿಣದ ಅಡಿಗೆ ಸೇರಿದರೆ ಕ್ಷಣಮಾತ್ರದಲ್ಲಿ ಆವಿಯಾಗಿ ಸಿಡಿಯುತ್ತದೆ. ಆದುದರಿಂದ ನೀರು ನಿಂತೊಡನೆ ವಿದ್ಯುತ್ತನ್ನು ಕಡಿಯುವ ಕೆಲಸವನ್ನು ಸಾಮಾನ್ಯ ಸಂದೇಶಗಳ ಜಾಲಕ್ಕೆ ಒಪ್ಪಿಸಬಾರದು. ಅದಕ್ಕೆ ನೇರವಾದ ಪ್ರತ್ಯೇಕ ತಂತಿಯಿರಬೇಕು. ಅಪಾಯಕಾಲದಲ್ಲಿ ಒತ್ತುವ ಕೆಂಪು ಗುಂಡಿಗೂ ಇದೇ ನಿಯಮ. ಜಾಲವು ಸುದ್ದಿಯನ್ನು ತಿಳಿಸಲಿ. ಪ್ರಾಣವನ್ನು ಕಾಯುವ ಹೊಣೆ ಮಾತ್ರ ಅದರದಾಗದಿರಲಿ.

ಇನ್ನು ದೂರದ ಸಂಪರ್ಕದ ವಿಚಾರ. ಆಟೋ ನಗರದಲ್ಲಿ ಒಂದು ಕಾರ್ಖಾನೆಯನ್ನೂ, ಜೇಡಿಮಣ್ಣಿನ ಕೆಲಸಕ್ಕೆ ಹೆಸರಾದ ಖಾನಾಪುರದಲ್ಲಿ ಹೆಂಚಿನ ಗೂಡನ್ನೂ ಇಟ್ಟುಕೊಂಡಿರುವ ಉದ್ಯಮಿಯೊಬ್ಬನು, ಇಲ್ಲಿ ಕುಳಿತೇ ಅಲ್ಲಿಯ ಗೂಡಿನ ಉಷ್ಣತೆಯನ್ನು ತಿಳಿಯಬಯಸಬಹುದು. ನಡುವಣ ದೂರ ಹಲವಾರು ಕಿಲೋಮೀಟರು. ಅಷ್ಟು ದೂರ ಸ್ವಂತ ತಂತಿಯನ್ನು ಎಳೆಯುವುದು ಕಷ್ಟ. ಸಾರ್ವಜನಿಕವಾದ ಅಂತರಜಾಲವೇ ಸುಲಭದ ದಾರಿ. ಆದರೆ ಸಾರ್ವಜನಿಕ ದಾರಿಯಲ್ಲಿ ಸಜ್ಜನರಂತೆ ಕಳ್ಳರೂ ನಡೆಯುತ್ತಾರೆ. ಮಾಡ್‌ಬಸ್ ಹುಟ್ಟಿದ ಕಾಲದಲ್ಲಿ ಜಾಲವು ಕಾರ್ಖಾನೆಯ ಗೋಡೆಯೊಳಗೇ ಇದ್ದುದರಿಂದ ಕೇಳುವವನು ಯಾರೆಂದು ವಿಚಾರಿಸುವ ಏರ್ಪಾಡು ಅದರಲ್ಲಿ ಇರಲಿಲ್ಲ. ಯಾರು ಕೇಳಿದರೂ ಅದು ಉತ್ತರಿಸುತ್ತದೆ; ಯಾರು ಆಜ್ಞಾಪಿಸಿದರೂ ನಡೆಸುತ್ತದೆ.

ಇದರ ಅಪಾಯವೆಷ್ಟೆಂಬುದನ್ನು 2010ರಲ್ಲಿ ಜಗತ್ತು ಕಂಡಿತು. ಸ್ಟಕ್ಸ್‌ನೆಟ್ ಎಂಬ ಕಪಟ ನಿಯಮಾವಳಿಯೊಂದು ಆ ವರ್ಷ ಬೆಳಕಿಗೆ ಬಂದಿತು. ಅದು ಕಂಪ್ಯೂಟರುಗಳ ಮೂಲಕ ಪಿ.ಎಲ್.ಸಿ.ಗಳೊಳಕ್ಕೆ ನುಸುಳಿ, ಇರಾನ್ ದೇಶದ ನತಾಂಜ್ ಪರಮಾಣು ಕೇಂದ್ರದಲ್ಲಿ ತಿರುಗುವ ಯಂತ್ರಗಳ ವೇಗವನ್ನು ಏರುಪೇರು ಮಾಡಿತು. ನೋಡುವವರ ಪರದೆಯ ಮೇಲೆ ಮಾತ್ರ ಎಲ್ಲವೂ ಸರಿಯಾಗಿದೆಯೆಂದೇ ತೋರಿಸಿತು. ಪೆನ್ ಡ್ರೈವಿನ ಮೂಲಕವೂ ಹರಡಬಲ್ಲದ್ದಾದ ಅದಕ್ಕೆ ಅಂತರಜಾಲವೇ ಬೇಕೆಂದೇನೂ ಇರಲಿಲ್ಲ. ಆದುದರಿಂದ ಪಿ.ಎಲ್.ಸಿ.ಯನ್ನು ಅಂತರಜಾಲಕ್ಕೆ ಬರಿದಾಗಿ ತೆರೆದಿಡಬಾರದು. ದೂರದವರು ಬರಬೇಕಾದರೆ ಗುರುತು ಕೇಳುವ ಕಾವಲು ಸಾಧನವನ್ನು ನಡುವೆ ಇರಿಸಬೇಕು. ಕಚೇರಿಯ ಜಾಲವನ್ನೂ ಯಂತ್ರಗಳ ಜಾಲವನ್ನೂ ಬೇರ್ಪಡಿಸಬೇಕು. ಓದಿದರೆ ಸಾಕಾಗುವಲ್ಲಿ ಬರೆಯುವ ಅಧಿಕಾರವನ್ನು ಕೊಡಬಾರದು.

ಸಂಪರ್ಕವನ್ನು ಬೆಸೆಯುವುದು ಒಂದು ವಿದ್ಯೆ. ಎಲ್ಲಿ ಬೆಸೆಯಬಾರದೆಂದು ಅರಿಯುವುದು ಅದಕ್ಕಿಂತ ಹಿರಿದಾದ ವಿದ್ಯೆ. ಈ ಎರಡನ್ನೂ ಬಲ್ಲ ಕೆಲಸಗಾರನು ತಂತಿಯನ್ನು ಜೋಡಿಸುವಾಗ ಅದರ ಆಚೆಯ ತುದಿಯಲ್ಲಿ ನಿಂತಿರುವ, ತಾನು ಎಂದೂ ಕಾಣದ ಮನುಷ್ಯನನ್ನು ನೆನೆಯುತ್ತಾನೆ. ಆಟೋ ನಗರದ ಎರಕದ ಮನೆಯಲ್ಲಿ ರಾತ್ರಿಯ ಪಾಳಿಗೆ ಬಂದವನು ಬೆಳಗ್ಗೆ ಕ್ಷೇಮವಾಗಿ ಮನೆಗೆ ಮರಳುವುದು ಆ ನೆನಪಿನ ಫಲ.